ಬೇಲಿಯಾಚೆಯ ಹೆಪ್ಪು

ನ್ಯೂಜಿಲೆಂಡಿನ ಈ ಹ್ಯಾಮಿಲ್ಟನ್ನಿನ ಚಳಿಗಾಲದ ಮಂಜಿನ ಮೇಲೆ ನನಗೆ ಒಂದು ಕಾಲದಲ್ಲಿ ಭಾರೀ ಸಿಟ್ಟಿತ್ತು. ನದಿಯ ಕಡೆಯಿಂದ ಎದ್ದು ಬಂದು ರಸ್ತೆ, ಕಾರು, ಎದುರು ಮನೆಯ ಛಾವಣಿ ಎಲ್ಲವನ್ನೂ ನುಂಗಿ ಕೂರುತ್ತದೆ. ಕೆಲಸಕ್ಕೆ ಹೊರಟವಳು ಕಾರಿನ ಗಾಜು ಕೆರೆಯುತ್ತಾ, ಬೈಯುತ್ತಾ ನಿಲ್ಲಬೇಕು. ಈಗ ಆ ಸಿಟ್ಟಿಲ್ಲ. ಮಂಜು ಬಿದ್ದ ಬೆಳಿಗ್ಗೆ ಕಾಫಿ ಲೋಟ ಹಿಡಿದು ಅಡುಗೆಮನೆಯ ಕಿಟಕಿಯ ಹತ್ತಿರ ನಿಂತರೆ ಸಾಕು, ಆ ಬಿಳುಪಿನೊಳಗಿಂದ ಪಕ್ಕದ ಮನೆಯ ಆಂಟಿ ಎದೆಗೆ ಒಂದು ಗಾಜಿನ ಜಾಡಿ ಅವುಚಿಕೊಂಡು, ಹವಾಯಿ ಚಪ್ಪಲಿಯಲ್ಲೇ ಒದ್ದೆ ಹುಲ್ಲಿನ ಮೇಲೆ ನಡೆದು ಬರುತ್ತಾರೆ. ನಿಜಕ್ಕೂ ಅವರು ಹಾಗೆ ಬಂದದ್ದು ಒಂದೇ ಸಲ. ಆದರೆ ನನ್ನ ಕಿಟಕಿಯಲ್ಲಿ ಪ್ರತಿ ಮಂಜಿಗೂ ಬರುತ್ತಾರೆ.

ಬಾಗಿಲು ತೆರೆದಾಗ ಅವರು ಒಳಗೂ ಬರಲಿಲ್ಲ, ಗುಡ್ ಮಾರ್ನಿಂಗ್ ಕೂಡ ಅನ್ನಲಿಲ್ಲ. ಜಾಡಿಯನ್ನು ಮುಂದೆ ಹಿಡಿದು, "ಇದರೊಳಗೆ ಇನ್ನೂ ಜೀವ ಇದೆಯಾ ನೋಡಿ ಹೇಳ್ತೀಯಾ? ನೀನು ಕೆಲಸದಲ್ಲಿ ನೋಡೋದು ಇಂಥದ್ದನ್ನೇ ಅಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಹೌದು, ನನ್ನ ಕೆಲಸ ಅದೇ. ಊರ ಹೊರಗಿನ ಒಂದು ಹಾಲಿನ ಪ್ರಯೋಗಾಲಯದಲ್ಲಿ, ಚೀಸಿಗೆ, ಮೊಸರಿಗೆ ಹಾಕುವ ಹೆಪ್ಪು ಜೀವಂತವಾಗಿದೆಯೋ ಇಲ್ಲವೋ ಎಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಹೇಳುವುದು. ಮೈಸೂರಿನಲ್ಲಿ ಕಷ್ಟಪಟ್ಟು ಓದಿ, ಸಮುದ್ರ ದಾಟಿ ಬಂದು, ಕೊನೆಗೆ ಹೆಪ್ಪು ನೋಡುವ ಕೆಲಸ ಹಿಡಿದೆಯಾ ಎಂದು ನನ್ನ ಅಕ್ಕ ಈಗಲೂ ಫೋನಿನಲ್ಲಿ ಕಿಚಾಯಿಸುತ್ತಾಳೆ.

ಜಾಡಿಯಲ್ಲಿ ಇದ್ದದ್ದು ಬಿಯರ್ ಮಾಡುವ ದ್ರವ ಯೀಸ್ಟು. ಆಂಟಿಯ ಗಂಡನದು. ಅವರು ಬೇಸಿಗೆಯ ಕೊನೆಯಲ್ಲಿ ತೀರಿಕೊಂಡಿದ್ದರು. ಆಸ್ಪತ್ರೆಗೆ ಓಡಾಡುತ್ತಿದ್ದ ಕೊನೆಯ ತಿಂಗಳುಗಳಲ್ಲಿ ಬಿಯರ್ ಮಾಡಲಾಗಿರಲಿಲ್ಲ. ಇದ್ದ ಬಾಟಲಿಗಳೂ ಮುಗಿದುಹೋಗಿದ್ದವು. ಆದರೆ ಅವರು ಹೆಂಡತಿಗೆ ಒಂದು ಮಾತು ಹೇಳಿ ಹೋಗಿದ್ದರು: ಚಳಿ ಮುಗಿದ ಮೇಲೆ ರಾಗ್ಲನ್ ಕಡಲಿನಲ್ಲಿ ನನ್ನ ಬೂದಿ ಬಿಡುವಾಗ ಬಂದವರಿಗೆಲ್ಲ ನನ್ನ ಬಿಯರ್ ಕೊಡು. ಅಂಗಡಿಯಿಂದ ಹೊಸ ಯೀಸ್ಟ್ ತಂದರೆ ಆಗದೇ ಎಂದು ನಾನು ಕೇಳಿದೆ. ಆಂಟಿ ತಲೆಯಾಡಿಸಿದರು. "ಅಂಗಡಿ ಯೀಸ್ಟ್ ಹಾಕಿದರೆ ಅದು ಅಂಗಡಿ ಬಿಯರ್ ಅಂತಿದ್ದ. ಗ್ಯಾರೇಜಿನ ಫ್ರಿಜ್ಜಿನಲ್ಲಿ ಇದೊಂದೇ ಜಾಡಿ ಉಳಿದಿರೋದು. ಅವನ ಬಟ್ಟೆ, ಶೂ ಎಲ್ಲಾ ಕೊಟ್ಟುಬಿಟ್ಟೆ. ಅವನು ಮುಟ್ಟಿದ್ದರಲ್ಲಿ ಜೀವ ಇರೋದು ಏನಾದರೂ ಇದ್ದರೆ ಇದೊಂದೇ."

ಅಷ್ಟು ಹೇಳಿ, ಬಂದ ದಾರಿಯಲ್ಲೇ ಮಂಜಿನೊಳಕ್ಕೆ ಹೋದರು. ನಾನು ಜಾಡಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಅದು ಐಸಿನಷ್ಟು ತಣ್ಣಗಿತ್ತು.

ಆ ಅಂಕಲ್ಲನ್ನು ನಮ್ಮ ಮನೆಯಲ್ಲಿ ಕರೆಯುತ್ತಿದ್ದುದು ಬೇಲಿ ಅಂಕಲ್ ಎಂದು. ನಮ್ಮಿಬ್ಬರ ಹಿತ್ತಿಲಿನ ನಡುವೆ ಫೀಜೋವಾ ಎಂಬ ಹಣ್ಣಿನ ಗಿಡಗಳ ಬೇಲಿ, ಎದೆಮಟ್ಟ ಎತ್ತರ. ಆ ಬೇಲಿಯ ಮೇಲಿಂದ ಅವರ ತಲೆ, ಟೊಪ್ಪಿ, ಒಂದು ಕೈ, ಆ ಕೈಯಲ್ಲಿ ಒಂದು ಗ್ಲಾಸು, ಇಷ್ಟು ಕಂಡರೆ ಭಾನುವಾರ ಮಧ್ಯಾಹ್ನ ಎಂದು ಅರ್ಥ. "ಈ ಸಲದ್ದು ನೋಡು, ಈ ಸಲ ನಿಜವಾಗ್ಲೂ ಬಂದಿದೆ" ಎನ್ನುತ್ತಿದ್ದರು. ನನ್ನ ಗಂಡ ಭಕ್ತಿಯಿಂದ ಗ್ಲಾಸು ತೆಗೆದುಕೊಳ್ಳುವನು, ಒಂದು ಗುಟುಕು ಕುಡಿದು ಆಹಾ ಎನ್ನುವನು, ಅಂಕಲ್ ಸಾಸೇಜು ತಿರುವಿಹಾಕಲು ಆ ಕಡೆ ತಿರುಗಿದ ತಕ್ಷಣ ಉಳಿದದ್ದನ್ನು ಬೇಲಿಯ ಬುಡಕ್ಕೆ ಸುರಿಯುವನು.

ದೇವರಾಣೆಗೂ ಹೇಳುತ್ತೇನೆ, ಅಷ್ಟು ಕೆಟ್ಟ ಬಿಯರು ನ್ಯೂಜಿಲೆಂಡಿನಲ್ಲಿ ಬೇರೆ ಯಾರೂ ಮಾಡಿರಲಿಕ್ಕಿಲ್ಲ. ಅವರ ಸ್ನೇಹಿತರೂ ಅಷ್ಟೆ. ಹಿಂಬದಿ ತೆರೆದ ಯೂಟ್ ಗಾಡಿಯಲ್ಲಿ ಬರುತ್ತಿದ್ದ ಒಬ್ಬ ದಢೂತಿ ಗೆಳೆಯ ಇದ್ದ, ಅವನು ಮಾತಾಡುತ್ತಾ ಮಾತಾಡುತ್ತಾ ಬೇಲಿಗೆ ಒರಗಿ, ಗ್ಲಾಸನ್ನು ಬೆನ್ನ ಹಿಂದೆ ವಾಲಿಸುವ ವಿದ್ಯೆಯಲ್ಲಿ ಪಳಗಿದ್ದ. ಬೇಲಿಯ ಆ ಭಾಗದಲ್ಲಿ ಮಾತ್ರ ಹಣ್ಣು ದಪ್ಪ ದಪ್ಪ ಬಿಡುತ್ತಿತ್ತು. ತಾನು ಹಾಕಿದ ಗೊಬ್ಬರ ಹಿಡಿಯಿತು ಎಂದು ಅಂಕಲ್ಲಿಗೆ ಹೆಮ್ಮೆ. ಬಿಯರಿನದು ಮೊದಲೆಲ್ಲ ಕಹಿ ಕಷಾಯದ ರುಚಿ. ಕೊನೆಯ ಮೂರು ಚಳಿಗಾಲದಿಂದ ಇದ್ದಕ್ಕಿದ್ದಂತೆ ಹುಳಿಯಾಯಿತು. ಹುಳಿ ಮಜ್ಜಿಗೆಯ ಹಾಗೆ ಹಲ್ಲು ಜುಮ್ಮೆನ್ನುವ ಹುಳಿ. ಅಂಕಲ್ ಕುಣಿದಾಡಿಬಿಟ್ಟರು. "ನೋಡು, ಈಗ ನನ್ನ ಬಿಯರಿಗೆ ಅಂತ ಒಂದು ಸ್ವಂತ ಗುಣ ಬಂತು. ಈ ರುಚಿ ದುಡ್ಡು ಕೊಟ್ಟರೂ ಸಿಗಲ್ಲ!" ಎಂದರು. ಸಿಗುವುದಿಲ್ಲ ಎಂಬುದೇನೋ ಖರೆ.

ಯೀಸ್ಟಿನ ವಿಷಯ ತೆಗೆದರೆ ಮಾತ್ರ ಅವರ ದನಿಯೇ ಬೇರೆಯಾಗುತ್ತಿತ್ತು. ಮಲಗಿದ ಮಗುವಿನ ಪಕ್ಕ ಮಾತಾಡುವವರ ಹಾಗೆ ಮೆಲ್ಲಗೆ ಹೇಳುತ್ತಿದ್ದರು. ಬಿಯರು ಬಸಿದ ಮೇಲೆ ಡ್ರಮ್ಮಿನ ತಳದಲ್ಲಿ ಗಸಿ ಉಳಿಯುತ್ತದಲ್ಲ, ಅದನ್ನು ಕಾಯಿಸಿ ಆರಿಸಿದ ನೀರಿನಲ್ಲಿ ಕಲಕಬೇಕು. ಕಸ ತಳಕ್ಕಿಳಿದ ಮೇಲೆ ಮೇಲಿನ ಹಾಲಿನಂಥ ನೀರನ್ನು ಕುದಿಸಿಟ್ಟ ಜಾಡಿಗೆ ಬಸಿಯಬೇಕು. ಮುಚ್ಚಳ ಬಿಗಿ ಮಾಡಬಾರದು, ಅದು ಉಸಿರಾಡುತ್ತದೆ. ಫ್ರಿಜ್ಜಿನ ಹಿಂಬದಿಯಲ್ಲಿ, ಬೆಳಕು ಬೀಳದ ಕಡೆ ಇಡಬೇಕು. ಆದರೆ ಫ್ರೀಜರಿನಲ್ಲಿ ಇಟ್ಟರೆ ಕೊಂದ ಹಾಗೆ. ತಳದ ಪದರ ಕೆನೆಯ ಬಣ್ಣ ಇದ್ದರೆ ಸುಖವಾಗಿದೆ ಎಂದರ್ಥ, ಕಂದು ತಿರುಗಿದರೆ ದುಃಖದಲ್ಲಿದೆ ಎಂದರ್ಥ. ವಾಸನೆ ನೋಡಿದರೆ ಬ್ರೆಡ್ಡಿನ ಹಾಗಿರಬೇಕು, ರಬ್ಬರು ಸುಟ್ಟ ಹಾಗಿರಬಾರದು. ಬೇಲಿಯ ಈ ಕಡೆ ನಿಂತು ನಾನು ಹೂಂ ಹೂಂ ಎನ್ನುತ್ತಿದ್ದೆ. ಇದೆಲ್ಲ ನನಗೆ ಗೊತ್ತಿರುವುದೇ. ಆದರೂ ಅವರು ಹೇಳುವಾಗ ಕೇಳುತ್ತಾ ನಿಲ್ಲಬೇಕು ಅನ್ನಿಸುತ್ತಿತ್ತು.

ಈಗ ಆ ಜಾಡಿ ನನ್ನ ಅಡುಗೆಕಟ್ಟೆಯ ಮೇಲಿತ್ತು. ತಳದ ಪದರ ಕಂದು ತಿರುಗಿತ್ತು.

ನನ್ನ ಹತ್ತಿರ ಒಂದು ಹಳೆಯ ಸೂಕ್ಷ್ಮದರ್ಶಕ ಇದೆ. ಪ್ರಯೋಗಾಲಯದವರು ಹೊಸದು ತಂದಾಗ ಹಳೆಯದನ್ನು ಬೇಕಾದವರು ಒಯ್ಯಿರಿ ಎಂದದ್ದಕ್ಕೆ ತಂದದ್ದು. ಬಣ್ಣಕ್ಕೆ ನೀಲಿ ದ್ರಾವಣ ಬೇಕು. ಮಗಳು ಮೀನು ಸಾಕುತ್ತಿದ್ದ ಕಾಲದ ಔಷಧಿ ಬಾಟಲಿ ಬಾತ್‌ರೂಮಿನಲ್ಲಿತ್ತು, ಅದೇ ನೀಲಿ. ಪರೀಕ್ಷೆ ಬಹಳ ಸರಳ. ಯೀಸ್ಟಿನ ಒಂದು ಹನಿ, ನೀಲಿಯ ಒಂದು ಹನಿ, ಸ್ವಲ್ಪ ಹೊತ್ತು ಬಿಟ್ಟು ನೋಡುವುದು. ಬದುಕಿರುವ ಕಣ ನೀಲಿಯನ್ನು ಒಳಗೆ ಇಟ್ಟುಕೊಳ್ಳುವುದಿಲ್ಲ, ಬೆಂದ ಸಾಬಕ್ಕಿಯ ಹಾಗೆ ತಿಳಿಯಾಗಿ ಕಾಣುತ್ತದೆ. ಸತ್ತದ್ದಕ್ಕೆ ತಡೆಯುವ ಶಕ್ತಿ ಇಲ್ಲ. ನೀಲಿ ಒಳಗೆ ನುಗ್ಗುತ್ತದೆ.

ಕಣ್ಣಿಟ್ಟೆ. ನೀಲಿ. ಗಾಜನ್ನು ಸರಿಸಿದೆ. ನೀಲಿ. ಇನ್ನೊಂದು ಹನಿ, ಇನ್ನೊಂದು ಗಾಜು. ಎಲ್ಲಿ ನೋಡಿದರೂ ದುಂಡು ದುಂಡು ನೀಲಿ, ಸಂಜೆಯಾದ ಮೇಲಿನ ಆಕಾಶದ ಹಾಗೆ ತುಂಬಿಕೊಂಡಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ. ಹೊರಗೆ ಮಂಜು ಕರಗಿ, ಬಿಸಿಲು ಬಂದು, ಬೇಲಿಯ ನೆರಳು ಅಡುಗೆಮನೆಯ ನೆಲಕ್ಕೆ ಬಿದ್ದು ಮೆಲ್ಲಗೆ ಜರುಗುತ್ತಿತ್ತು. ಒಂದಾದರೂ ತಿಳಿಯಾದದ್ದು ಸಿಗಲಿ ಎಂದು ನಾನು ಹುಡುಕುತ್ತಲೇ ಇದ್ದೆ. ಸಿಗಲಿಲ್ಲ. ಆದರೆ ಆ ನೀಲಿ ಗುಂಡುಗಳ ನಡುವೆ ಅಲ್ಲಲ್ಲಿ ಸಣ್ಣ ಸಣ್ಣ ಕಡ್ಡಿಗಳು, ಸರ ಸರವಾಗಿ, ಕಂಡವು. ಅವುಗಳನ್ನು ನಾನು ದಿನಾ ನೋಡುತ್ತೇನೆ. ಹುಳಿ ಮಾಡುವ ಸೂಕ್ಷ್ಮಾಣುಗಳು. ಬಿಯರು ಹುಳಿಯಾಗಲು ಇವೇ ಕಾರಣ, ಎಲ್ಲಿಂದಲೋ ಹೊಕ್ಕಿವೆ ಎಂದುಕೊಂಡೆ.

ನನ್ನ ಬಾಯಿ ಒಳ್ಳೆಯದಲ್ಲ. ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಮಧ್ಯಾಹ್ನ ಬೇಲಿಯ ಹತ್ತಿರ ಹೋಗಿ, "ಎಲ್ಲಾ ಸತ್ತುಹೋಗಿದೆ ಆಂಟಿ" ಎಂದುಬಿಟ್ಟೆ.

ಅವರು ಬಟ್ಟೆ ಒಣಹಾಕುತ್ತಿದ್ದರು. ಒಂದು ಟವೆಲ್ಲಿಗೆ ಕ್ಲಿಪ್ಪು ಹಾಕಿ, ಅದರ ಅಂಚು ನೇರ ಮಾಡಿ, "ಆಯ್ತು, ಥ್ಯಾಂಕ್ಸ್" ಎಂದರು. ಇನ್ನೊಂದು ಟವೆಲ್ ತೆಗೆದುಕೊಂಡರು. ಅದನ್ನು ತಂತಿಗೆ ಹಾಕದೆ ಮುಖಕ್ಕೆ ಒತ್ತಿಕೊಂಡು ಹಾಗೆಯೇ ನಿಂತರು. ಒಂದು ದಿನ ತಡೆದು ಹೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?

ಮನೆಗೆ ಬಂದವಳು ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ನನ್ನ ಅತ್ತೆ ಅಡುಗೆಮನೆಗೆ ಬಂದರು. ಅತ್ತೆ ಧಾರವಾಡದವರು, ಮಾವ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಮೈಸೂರಿನ ನನ್ನ ಕನ್ನಡವನ್ನು ಅವರು, ಅವರ ಕನ್ನಡವನ್ನು ನಾನು ದಿನಾ ಆಡಿಕೊಂಡು ಬದುಕುತ್ತೇವೆ. ಕಟ್ಟೆಯ ಮೇಲಿನ ಜಾಡಿ ನೋಡಿ, "ಇದು ಆ ಬೇಲಿ ಮುದುಕಂದಲ್ಲೇನು? ಹೆಪ್ಪಿನ ಜಾಡಿ?" ಎಂದರು.

"ಹೌದು. ಸತ್ತುಹೋಗಿದೆ."

"ಸತ್ತೈತೋ ಬದುಕೈತೋ ಅದರಾಗ ಕಣ್ಣಿಟ್ಟು ನೋಡಿದ್ರ ಹೆಂಗ ಗೊತ್ತಾಗತೈತಿ? ಬೆಚ್ಚಗಿನ ಹಾಲಿಗೆ ಒಂದು ಹನಿ ಹಾಕಬೇಕವಾ."

"ಅತ್ತೆ, ಅದು ಮೊಸರಿನ ಹೆಪ್ಪಲ್ಲ!"

"ಹೆಪ್ಪಂದ್ರ ಹೆಪ್ಪ," ಎಂದು ಅವರು ಹೋದರು. ನಾನು ತಲೆ ಚಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಮತ್ತೆ ಮಂಜು. ಕಾಫಿಗೆ ಇಳಿದು ಬಂದರೆ ಅತ್ತೆ ಒಂದು ಸ್ಟೀಲಿನ ಬಟ್ಟಲನ್ನು ಓರೆ ಮಾಡಿ ಹಿಡಿದು ತೋರಿಸಿದರು. ಅದರಲ್ಲಿದ್ದ ಹಾಲು ಅಲುಗಾಡಲಿಲ್ಲ. ಗಟ್ಟಿ ಮೊಸರು. ನಮ್ಮ ಹಾಟ್ ವಾಟರ್ ಕಬೋರ್ಡಿನಲ್ಲಿ, ಅಂದರೆ ಬಿಸಿನೀರಿನ ಸಿಲಿಂಡರ್ ಇರುವ ಬೆಚ್ಚಗಿನ ಕಪಾಟಿನಲ್ಲಿ, ಟವೆಲ್ಲುಗಳ ನಡುವೆ ರಾತ್ರಿ ಇಟ್ಟಿದ್ದರಂತೆ. ಹಾಕಿದ್ದು ಆ ಜಾಡಿಯ ಒಂದೇ ಹನಿ.

ನಾನು ಬೆರಳಲ್ಲಿ ಮುಟ್ಟಿ ನೋಡಿದೆ. ನಾಲಿಗೆಗೂ ಹಚ್ಚಿಕೊಂಡೆ. ನಮ್ಮ ಮನೆಯ ಮೊಸರಿನದೇ ರುಚಿ. ಬಿಯರಿನ ಯೀಸ್ಟಿನಿಂದ ಹಾಲು ಮೊಸರಾಗುವುದಿಲ್ಲ. ಮೊಸರಿನ ಹೆಪ್ಪು ಒಳಗಿದ್ದರೆ ಮಾತ್ರ ಆಗುತ್ತದೆ. ಆ ಕಡ್ಡಿಗಳು!

"ಅತ್ತೆ," ನಾನು ಕುರ್ಚಿ ಎಳೆದು ಕೂತೆ, "ಬೇಲಿ ಅಂಕಲ್ ಜಾಡಿಯೊಳಗೆ ನಮ್ಮನೆ ಮೊಸರು ಹೇಗೆ ಬಂತು?"

"ಹೆಂಗ ಬಂತು ಅಂದ್ರ? ನಾನ ಕೊಟ್ಟಿದ್ನಿ. ಅವ್ರು ಹೆಪ್ಪು ಕೊಟ್ಟ ಜಾಡಿ ಖಾಲಿ ಹೆಂಗ ವಾಪಸ್ ಕೊಡೋದು? ಖಾಲಿ ಭಾಂಡೆ ಕೊಡೋ ಪದ್ಧತಿ ನಿಮ್ಮ ಮೈಸೂರಾಗ ಐತೇನೋ, ನಮ್ಮಲ್ಲಿಲ್ಲ. ಮಸರು ತುಂಬಿ ಕೊಟ್ಟೆ. ಪಾಪ, ಮುದುಕ ಎದಿಗೆ ಕೈ ಹಚ್ಚಿ ಇಸ್ಕೊಂಡ."

ಆಗ ನನಗೆ ಎಲ್ಲ ನೆನಪಾಯಿತು. ಅತ್ತೆ ಬಂದ ಮೊದಲ ಚಳಿಗಾಲ. ದೋಸೆ ಹಿಟ್ಟು ಎಷ್ಟು ದಿನ ಇಟ್ಟರೂ ಹುದುಗದೆ, ಈ ದೇಶಕ್ಕೆ ಉಬ್ಬುವ ಬುದ್ಧಿಯೇ ಇಲ್ಲ ಎಂದು ಅವರು ಕಣ್ಣೀರು ಹಾಕುವಷ್ಟಕ್ಕೆ ಬಂದಿದ್ದರು. ನಾನು ಅದನ್ನು ಬೇಲಿಯ ಮೇಲೆ ಅಂಕಲ್ಲಿಗೆ ಹೇಳಿದ್ದೆ. ಅವರು ಗ್ಯಾರೇಜಿಗೆ ಹೋಗಿ ಯೀಸ್ಟಿನ ಒಂದು ಜಾಡಿ ತಂದುಕೊಟ್ಟು, ಇದನ್ನು ಹಾಕಿ ನೋಡಲಿ ಎಂದಿದ್ದರು. ಇದೇನು ಎಂದು ಅತ್ತೆ ಕೇಳಿದಾಗ ನಾನು ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲಿ, "ಹೆಪ್ಪು" ಎಂದಿದ್ದೆ. ಯೀಸ್ಟಿಗೆ ಕನ್ನಡದಲ್ಲಿ ಬೇರೆ ಏನು ಹೇಳಬೇಕಿತ್ತು? ಬಿಯರಿನದು ಎಂದಿದ್ದರೆ ಜಾಡಿ ಅಂಗಳದಲ್ಲಿ ಒಡೆದುಹೋಗುತ್ತಿತ್ತು. ಅಂಕಲ್ ಆ ಮೊಸರು ತಿಂದು, ಜಾಡಿಯನ್ನು ಗಂಡಸರು ತೊಳೆಯುವ ಹಾಗೆ ತೊಳೆದು, ಮತ್ತೆ ಯೀಸ್ಟ್ ತುಂಬಿಟ್ಟಿರಬೇಕು. ಅಂದಿನಿಂದಲೇ ಅಲ್ಲವೇ ಅವರ ಬಿಯರು ಹುಳಿಯಾದದ್ದು! ದುಡ್ಡು ಕೊಟ್ಟರೂ ಸಿಗದ ಆ ಸ್ವಂತ ಗುಣ ನಮ್ಮ ಅತ್ತೆಯ ಮೊಸರಿನದು.

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಇನ್ನೊಂದು ಯೋಚನೆ ಬಂದು ಕುರ್ಚಿಯಿಂದ ಎದ್ದುಬಿಟ್ಟೆ.

"ಅತ್ತೆ, ಅವರು ಕೊಟ್ಟ ಹೆಪ್ಪನ್ನು ಏನು ಮಾಡಿದಿರಿ?"

"ದ್ವಾಸಿ ಹಿಟ್ಟಿಗೆ ಹಾಕಿದ್ನಿ. ಎಷ್ಟು ಚಂದ ಉಬ್ಬಿತ್ತು, ನಿನಗ ನೆನಪಿಲ್ಲೇನು?"

"ಪೂರ್ತಿ ಹಾಕಿದಿರಾ? ಖಾಲಿ ಆಯ್ತಾ?"

ಅತ್ತೆ ನನ್ನನ್ನು ನೋಡಿದ ನೋಟ ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಹೆಪ್ಪು ಯಾರರ ಪೂರಾ ಖಾಲಿ ಮಾಡ್ತಾರೇನು? ಪ್ರತಿ ಸಲ ಹಳೇ ಹಿಟ್ಟಿಂದು ಒಂದು ಸೌಟು ತಗದಿಟ್ಟು ಹೊಸಾದಕ್ಕ ಹಾಕತೀನಿ. ಇವತ್ತಿನ ತನಕಾನೂ ಅದ ನಡದೈತಿ. ಯಾಕ, ಏನಾತು ನಿನಗ?"

ಕಬೋರ್ಡಿನ ಬಾಗಿಲು ತೆರೆದೆ. ಬೆಚ್ಚಗಿನ ಗಾಳಿ ಮುಖಕ್ಕೆ ಬಡಿಯಿತು. ಒಣಗಿದ ಟವೆಲ್ಲಿನ, ಸಾಬೂನಿನ, ಹುದುಗಿದ ಹಿಟ್ಟಿನ ವಾಸನೆ. ದೋಸೆ ಹಿಟ್ಟಿನ ದೊಡ್ಡ ಡಬ್ಬಿ ಅಲ್ಲಿ ಕತ್ತಲಲ್ಲಿ ಕೂತಿತ್ತು. ಮುಚ್ಚಳ ಎತ್ತಿದರೆ ಹಿಟ್ಟು ಉಬ್ಬಿ, ಮೇಲೆ ಗುಳ್ಳೆಗಳು ಒಂದೊಂದಾಗಿ ಒಡೆಯುತ್ತಿದ್ದವು. ಒಂದು ಹನಿ ತೆಗೆದು ನೀರಿನಲ್ಲಿ ತೆಳ್ಳಗೆ ಮಾಡಿ, ನೀಲಿ ಹಾಕಿ, ಗಾಜಿನ ಮೇಲಿಟ್ಟು ಕಣ್ಣಿಟ್ಟೆ.

ಅಕ್ಕಿಯ ಚೂರುಗಳ ನಡುವೆ ಅವು ಇದ್ದವು. ತಿಳಿ, ದುಂಡು, ಒಳಗೆ ಬೆಳಕು ತುಂಬಿಕೊಂಡ ಹಾಗೆ. ಕೆಲವಕ್ಕೆ ಪಕ್ಕೆಯಲ್ಲಿ ಸಣ್ಣ ಮರಿ ಮೊಳೆಯುತ್ತಿತ್ತು, ಇನ್ನೂ ತಾಯಿಯನ್ನು ಬಿಟ್ಟಿರಲಿಲ್ಲ. ಸುತ್ತಲೂ ನೀಲಿ ನೀರು, ಅದರಲ್ಲಿ ಇವು ಮೆಲ್ಲಗೆ ತೇಲುತ್ತಿದ್ದವು. ನಾನು ಉಸಿರು ಬಿಟ್ಟರೆ ಎಲ್ಲಿ ಹೋಗಿಬಿಡುತ್ತವೋ ಎಂಬಂತೆ ಕೂತಿದ್ದೆ. ಅಷ್ಟು ದಿನ ವಾರ ವಾರವೂ ನಾವು ಬೇಲಿ ಅಂಕಲ್ಲಿನ ಕೈಯ ಯೀಸ್ಟನ್ನು ಚಟ್ನಿಯ ಜೊತೆ ತಿನ್ನುತ್ತಿದ್ದೆವು. ಅವರು ಆಸ್ಪತ್ರೆಯಲ್ಲಿದ್ದಾಗಲೂ, ಹೋದ ಮೇಲೂ, ಅದು ಈ ಕತ್ತಲೆ ಕಬೋರ್ಡಿನಲ್ಲಿ ಮರಿ ಹಾಕುತ್ತಾ ಇತ್ತು. ಕಣ್ಣೀರು ಬಂದು ಕಣ್ಣಿಟ್ಟ ಗಾಜೆಲ್ಲ ಮಬ್ಬಾಯಿತು.

ಮಗಳು ಶಾಲೆಗೆ ಹೊರಟವಳು ಬಗ್ಗಿ ನೋಡಿ, "ಮಮ್ಮಿ, ಆರ್ ಯೂ ಕ್ರೈಯಿಂಗ್ ಓವರ್ ದೋಸಾ?" ಎಂದಳು. ಹೌದು ಕಣೇ, ಹೋಗು ಎಂದೆ.

ಅತ್ತೆಗೆ ಆ ಹೆಪ್ಪು ಯಾವುದರದೆಂದು ಆಗ ಹೇಳಲೇಬೇಕಾಯಿತು. "ಅಯ್ಯ ಶಿವನ! ಇಷ್ಟು ವರ್ಷ ಸೆರೀ ಹೆಪ್ಪಿನ ದ್ವಾಸಿ ತಿನಿಸೀಯೇನ ನನಗ? ಸೋಮವಾರ ಸುದ್ದಾ?" ಎಂದು ಎದ್ದು ಹೋಗಿ, ಪೂಜೆಯ ಮೂಲೆಯಲ್ಲಿ ಕೂತು ವಿಭೂತಿ ಹಚ್ಚಿಕೊಂಡರು. ಅರ್ಧ ದಿನ ನನ್ನ ಜೊತೆ ಮಾತಿಲ್ಲ. ಆಮೇಲೆ ತಾವೇ ಬಂದು, ಒಂದು ಸಣ್ಣ ಸ್ಟೀಲಿನ ಡಬ್ಬಿಗೆ ಹಿಟ್ಟು ಹಾಕಿ ನನ್ನ ಮುಂದೆ ಕುಕ್ಕಿದರು. "ಒಯ್ದು ಕೊಡು ಆಕಿಗೆ. ಗಂಡಂದು ಕೇಳಿದ್ರ ಇಲ್ಲ ಅನ್ನಬಾರದು."

ಡಬ್ಬಿ ಹಿಡಿದು ಹೋದೆ. ಆಂಟಿ ಗ್ಯಾರೇಜಿನಲ್ಲಿದ್ದರು. ಅಂಕಲ್ಲಿನ ಬೂದಿಯ ಪೆಟ್ಟಿಗೆಯನ್ನು ಬಿಯರಿನ ಫ್ರಿಜ್ಜಿನ ಮೇಲೆಯೇ ಇಟ್ಟಿದ್ದರು. ಅವನಿಗೆ ಇಷ್ಟವಾದ ಜಾಗ ಅದೇ ಎಂದರು. ಫ್ರಿಜ್ಜು ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ನಾನು ಮೊಸರಿನಿಂದ ಹಿಡಿದು ದೋಸೆಯ ತನಕ ಎಲ್ಲ ಹೇಳಿದೆ. ಕೊನೆಗೆ ನನ್ನ ಹಾಳು ಬಾಯಿ ಸುಮ್ಮನಿರದೆ, "ಆದರೆ ಆಂಟಿ, ಇದು ಅವರದ್ದೇ ಅಂತ ನಾನು ಖಚಿತವಾಗಿ ಹೇಳಲಾರೆ. ಹಿಟ್ಟಿನಲ್ಲಿ ಯೀಸ್ಟ್ ತಾನಾಗಿಯೂ ಬರುತ್ತೆ. ಬೇಳೆಯಿಂದ ಬರುತ್ತೆ, ಗಾಳಿಯಿಂದ ಬರುತ್ತೆ. ನೋಡೋಕೆ ಎಲ್ಲಾ ಒಂದೇ ಥರ" ಎಂದೂ ಹೇಳಿದೆ.

ಆಂಟಿ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಬಹಳ ಹೊತ್ತು ಮೂಸಿದರು. "ನಿಮ್ಮ ಅತ್ತೆ ಇದನ್ನ ಏನಂತಾರೆ?"

"ಹೆಪ್ಪು."

"ಹೆಪು," ಎಂದರು. "ಮಾಡೋಣ. ಆಗಿಲ್ಲ ಅಂದರೆ ಆಗಿಲ್ಲ."

ಆ ಚಳಿಗಾಲದ ಉಳಿದ ದಿನಗಳು ನನ್ನ ನೆನಪಿನಲ್ಲಿ ಒಂದೇ ಒಂದು ಉದ್ದನೆಯ ಮಂಜಿನ ಬೆಳಗಿನ ಹಾಗೆ ಉಳಿದಿವೆ. ಮೊದಲು ಮೊಳಕೆ ಬಾರ್ಲಿಯ ಮಾಲ್ಟು ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಒಂದು ಚಮಚ ಹಿಟ್ಟು. ಅದನ್ನು ನಮ್ಮ ಕಬೋರ್ಡಿನಲ್ಲಿ, ದೋಸೆ ಹಿಟ್ಟಿನ ಪಕ್ಕದಲ್ಲೇ ಇಟ್ಟೆವು. ಮುಚ್ಚಳ ಸಡಿಲ, ಅದು ಉಸಿರಾಡುತ್ತದಲ್ಲ. ಆಂಟಿ ದಿನಾ ಬೆಳಿಗ್ಗೆ ಬಂದು ಕಬೋರ್ಡಿನ ಮುಂದೆ ನಿಂತು ನೋಡಿ ಹೋಗುತ್ತಿದ್ದರು. ಒಂದು ದಿನ ಮೇಲೆ ನೊರೆಯ ಸಣ್ಣ ಉಂಗುರ ಕಂಡಿತು. ಆಂಟಿ ನನ್ನ ತೋಳು ಹಿಡಿದುಕೊಂಡರು. ಹಿಟ್ಟಿನ ಚೂರು ತಳಕ್ಕಿಳಿಯಲು ಬಿಟ್ಟು, ಮೇಲಿನದನ್ನು ದೊಡ್ಡ ಜಾಡಿಗೆ, ಅಲ್ಲಿಂದ ಇನ್ನೂ ದೊಡ್ಡದಕ್ಕೆ ಬಸಿದೆವು. ಪ್ರತಿ ಸಲವೂ ನಾನು ನೀಲಿ ಹಾಕಿ ನೋಡಿದೆ. ಪ್ರತಿ ಸಲವೂ ತಿಳಿಯಾದವೇ ಹೆಚ್ಚು. ಕಡ್ಡಿಗಳೂ ಇದ್ದವು, ಅವನ್ನು ಬಿಟ್ಟು ಬಾ ಎಂದರೆ ಯೀಸ್ಟು ಕೇಳುತ್ತದೆಯೇ?

ಡ್ರಮ್ಮಿಗೆ ಹಾಕುವ ದಿನ ಆಂಟಿ ಆ ಹಳೆಯ ಜಾಡಿಯನ್ನು ತಂದರು. "ಇದನ್ನು ಚೆಲ್ಲೋಕೆ ಮನಸ್ಸಿಲ್ಲ," ಎಂದರು. ಚೆಲ್ಲುವುದು ಬೇಡ ಎಂದೆ. ಸತ್ತ ಯೀಸ್ಟನ್ನು ಮಾಲ್ಟಿನ ಜೊತೆಗೇ ಕುದಿಸಿದರೆ ಅದು ಬದುಕಿರುವ ಯೀಸ್ಟಿಗೆ ಊಟ. ಬಿಯರು ಮಾಡುವವರೆಲ್ಲ ಬಲ್ಲ ಸಂಗತಿ. ಆಂಟಿ ಅದನ್ನು ಕುದಿಯುವ ಪಾತ್ರೆಗೆ ಸುರಿದು, ಜಾಡಿಗೆ ಬಿಸಿನೀರು ಹಾಕಿ ಗಲಬರಿಸಿ ಆ ನೀರನ್ನೂ ಸುರಿದರು. ಉಗಿ ಎದ್ದು ಗ್ಯಾರೇಜಿನ ಕಿಟಕಿಯೆಲ್ಲ ಮಬ್ಬಾಯಿತು. "ಈಗ ನೀನು ಖಚಿತ ಅಲ್ಲ ಅನ್ನೋ ಹಾಗಿಲ್ಲ. ಇದರಲ್ಲಂತೂ ಅವನಿದ್ದಾನೆ" ಎಂದರು.

ಕಡಲಿಗೆ ಹೋದದ್ದು ಚಳಿ ಮುಗಿದು ಬಿಸಿಲು ಬಂದ ಮೇಲೆ. ರಾಗ್ಲನ್ನಿನ ಮರಳು ಕಪ್ಪು. ನಡೆದರೆ ಕಾಲಿಗೆ ಬೆಚ್ಚಗೆ, ಬಿಸಿಲಿಗೆ ಹೊಳೆಯುತ್ತದೆ. ಅತ್ತೆಯೂ ಬಂದಿದ್ದರು, ಸ್ವೆಟರಿನ ಮೇಲೆ ಶಾಲು ಹೊದ್ದು, ತೊಡೆಯ ಮೇಲೆ ದೋಸೆಯ ಡಬ್ಬಿ ಇಟ್ಟುಕೊಂಡು. ಆಂಟಿ ಪ್ಯಾಂಟು ಮಡಿಚಿ ನೀರಿಗಿಳಿದರು. ಬೂದಿ ಗಾಳಿಗೆ ಸ್ವಲ್ಪ, ಅಲೆಗೆ ಸ್ವಲ್ಪ ಹೋಯಿತು.

ಆಮೇಲೆ ಬಾಟಲಿಗಳು ತೆರೆದವು. ಎಲ್ಲರ ಗ್ಲಾಸಿಗೂ ಬಿತ್ತು. ಯಾರಿಗೂ ಏನೂ ಹೇಳಿರಲಿಲ್ಲ ನಾವು. ಮೊದಲು ಕುಡಿದದ್ದು ಯೂಟಿನ ಆ ದಢೂತಿ ಗೆಳೆಯ. ಒಂದು ದೊಡ್ಡ ಗುಟುಕು. ಅವನ ಮುಖ ನೋಡನೋಡುತ್ತ ಹಿಂಡಿದ ನಿಂಬೆಹಣ್ಣಾಯಿತು. ಕಣ್ಣು ಮುಚ್ಚಿದ. ಬಾಯಿ ತೆರೆದ, ಮುಚ್ಚಿದ.

"ಅಯ್ಯೋ ದೇವರೇ," ಎಂದ. "ಇದು ಅವನದೇ."

ಯಾರೋ ಕಿಸಕ್ಕೆಂದರು. ಇನ್ನೊಬ್ಬರು ಕುಡಿದು ಕೆಮ್ಮಿ, "ಅವನದೇ, ಅವನದೇ!" ಎಂದರು. ಎಲ್ಲರೂ ನಕ್ಕರು; ಆಂಟಿ ಎಲ್ಲರಿಗಿಂತ ಜೋರಾಗಿ ನಕ್ಕರು, ನಗುತ್ತಾ ನಗುತ್ತಾ ಮರಳಿನ ಮೇಲೆ ಕುಸಿದು ಕೂತು ಅತ್ತುಬಿಟ್ಟರು. ಗೆಳೆಯ ಗ್ಲಾಸು ಹಿಡಿದು ಸುತ್ತ ನೋಡಿದ. ಅಲ್ಲಿ ಬೇಲಿ ಇರಲಿಲ್ಲ. ಇದ್ದಿದ್ದರೂ ಆ ದಿನ ಅವನು ಸುರಿಯುತ್ತಿರಲಿಲ್ಲ. ಮೂಗು ಹಿಡಿದು ಗಟಗಟನೆ ಕುಡಿದ. ನನ್ನ ಗಂಡನೂ ಕುಡಿದ. ನಾನೂ ಕುಡಿದೆ. ಹಲ್ಲು ಜುಮ್ಮೆಂದವು. ಅಷ್ಟು ಜನರಲ್ಲಿ ಒಬ್ಬರೂ ಒಂದು ತೊಟ್ಟನ್ನೂ ಚೆಲ್ಲಲಿಲ್ಲ.

ಕೊನೆಯ ಬಾಟಲಿಯನ್ನು ಬಗ್ಗಿಸಿ ನನ್ನ ಗ್ಲಾಸಿಗೆ ಪೂರ್ತಿ ಹುಯ್ಯಲು ಹೊರಟಾಗ ಪಕ್ಕದಿಂದ ಅತ್ತೆ ನನ್ನ ಮಣಿಕಟ್ಟು ಹಿಡಿದರು.

"ಎಲ್ಲಾ ಖಾಲಿ ಮಾಡಬ್ಯಾಡ," ಎಂದರು. "ಹೆಪ್ಪಿಗೆ ಒಂದೀಟು ಉಳಸು."

ಆಂಟಿಗೆ ಕನ್ನಡ ಬರುವುದಿಲ್ಲ. ಆದರೆ ಆ ಮಾತಿನಲ್ಲಿ ಒಂದು ಪದ ಅವರಿಗೆ ಗೊತ್ತಿತ್ತು. ಕೂತಲ್ಲಿಂದಲೇ ಕೈ ಚಾಚಿ ಬಾಟಲಿ ಇಸಿದುಕೊಂಡು, ತಳದ ಕೆನೆಬಣ್ಣದ ಗಸಿಯನ್ನು ಬಿಸಿಲಿಗೆ ಹಿಡಿದು ನೋಡಿ, ಬಾಟಲಿಯ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದರು. ಮನೆ ಮುಟ್ಟುವ ತನಕ ತೆಗೆಯಲಿಲ್ಲ.